ಯಂತ್ರ ಬರಲಿ, ಲೆಕ್ಕ ನಮ್ಮ ಕೈಯಲ್ಲೇ ಇರಲಿ



ಈಚಿನ ವರ್ಷಗಳಲ್ಲಿ ನಮ್ಮ ಹಾಲಿನ ಡೇರಿಗಳ ಬಾಗಿಲಿಗೆ ಹೊಸಬರು ಬರತೊಡಗಿದ್ದಾರೆ. ಅವರು ಹಾಲು ಕೊಳ್ಳಲು ಬರುವವರಲ್ಲ, ಹಾಲು ಅಳೆಯುವ ಯಂತ್ರ ಮಾರಲು ಬರುವವರು. ಒಬ್ಬರು ಫ್ಯಾಟ್ ಮಷಿನ್ ತೋರಿಸುತ್ತಾರೆ, ಇನ್ನೊಬ್ಬರು ಮೊಬೈಲ್ ಆ್ಯಪ್ ತೋರಿಸುತ್ತಾರೆ, ಮತ್ತೊಬ್ಬರು "ಯಂತ್ರಕ್ಕೆ ದುಡ್ಡೇ ಬೇಡ, ಲೀಟರಿಗೆ ಇಷ್ಟು ಪೈಸೆ ಕೊಟ್ಟರೆ ಸಾಕು" ಎನ್ನುತ್ತಾರೆ. ಹಾಲು ಶೇಖರಣೆಗೆ ಬೇಕಾದ ಸಲಕರಣೆ ಮಾರುವುದೇ ಒಂದು ದೊಡ್ಡ ವ್ಯಾಪಾರವಾಗಿ ಬೆಳೆದಿದೆ.

ಈ ವ್ಯಾಪಾರದ ಮಾತುಕತೆ ಸಾಮಾನ್ಯವಾಗಿ ಕಾರ್ಯದರ್ಶಿ, ಅಧ್ಯಕ್ಷರು ಮತ್ತು ಕಂಪನಿಯವರ ನಡುವೆ ಮುಗಿದುಹೋಗುತ್ತದೆ. ಹಾಲು ಕರೆದು, ಕ್ಯಾನು ಹೊತ್ತು ತಂದು, ಸಾಲಿನಲ್ಲಿ ನಿಲ್ಲುವ ನಮಗೆ ಯಂತ್ರ ಮೇಜಿನ ಮೇಲೆ ಕೂತ ಮೇಲೆಯೇ ಅದರ ಪರಿಚಯ. ಈ ಕ್ರಮ ಬದಲಾಗಬೇಕು ಎಂದು ಹೇಳಲು ಈ ಲೇಖನ ಬರೆಯುತ್ತಿದ್ದೇನೆ. ಯಂತ್ರ ಬೇಡ ಎನ್ನುವವಳು ನಾನಲ್ಲ. ಯಂತ್ರ ಬೇಕು. ಆದರೆ ಯಾವ ಯಂತ್ರ, ಯಾವ ಷರತ್ತಿನ ಮೇಲೆ, ಅದನ್ನು ಯಾರು ಪರೀಕ್ಷಿಸುತ್ತಾರೆ, ಅದರೊಳಗಿನ ಲೆಕ್ಕ ಯಾರದು ಎಂಬ ಪ್ರಶ್ನೆಗಳನ್ನು ಕೊಳ್ಳುವ ಮೊದಲು ಕೇಳುವವರು ನಾವಾಗಬೇಕು.

ಇಲ್ಲಿಯವರೆಗೆ ಬಂದ ದಾರಿ

ನಮ್ಮ ರಾಜ್ಯದ ಮೊದಲ ಹಾಲಿನ ಸಹಕಾರ ಸಂಘ 1955ರಲ್ಲಿ ಕೊಡಗಿನ ಕೂಡಿಗೆಯಲ್ಲಿ ಆರಂಭವಾಯಿತು. 1974ರಲ್ಲಿ ವಿಶ್ವಬ್ಯಾಂಕಿನ ನೆರವಿನ ಹೈನುಗಾರಿಕೆ ಯೋಜನೆ ಬಂದ ಮೇಲೆ ಆಣಂದ್ ಮಾದರಿಯ ಸಂಘಗಳು ಹಳ್ಳಿ ಹಳ್ಳಿಗೆ ಹಬ್ಬಿದವು. ಆ ಕಾಲದಲ್ಲಿ ಸಂಘದಲ್ಲಿ ಇದ್ದದ್ದು ಅಳತೆಯ ಪಾತ್ರೆ, ಲ್ಯಾಕ್ಟೋಮೀಟರು ಮತ್ತು ಗರ್ಬರ್ ಪರೀಕ್ಷೆಯ ಗಾಜಿನ ಕೊಳವೆಗಳು. ಸ್ವಿಟ್ಜರ್‌ಲೆಂಡಿನ ಗರ್ಬರ್ ಎಂಬವರು 1890ರ ದಶಕದ ಆರಂಭದಲ್ಲಿ ರೂಪಿಸಿದ ವಿಧಾನ ಅದು. ಗಂಧಕಾಮ್ಲದ ಜೊತೆ 10.75 ಮಿಲಿ ಹಾಲು ಹಾಕಿ, ಸ್ವಲ್ಪ ಅಮೈಲ್ ಆಲ್ಕೋಹಾಲ್ ಸೇರಿಸಿ, ಕೊಳವೆಗಳನ್ನು ಗಿರಗಿರನೆ ತಿರುಗಿಸಿದರೆ ಜಿಡ್ಡು ಮೇಲೆ ಬಂದು ನಿಲ್ಲುತ್ತದೆ. ಅದರ ಗೆರೆ ಓದಿದರೆ ಫ್ಯಾಟ್ ಎಷ್ಟೆಂದು ಕಣ್ಣಿಗೇ ಕಾಣುತ್ತದೆ.

ಪರೀಕ್ಷೆ ಒಳ್ಳೆಯದೇ. ಆದರೆ ಆಸಿಡ್ಡಿನ ಜೊತೆ ಕೆಲಸ, ಸಮಯ ಹಿಡಿಯುತ್ತದೆ, ಪ್ರತಿಯೊಬ್ಬರ ಹಾಲನ್ನೂ ಹೊತ್ತುಹೊತ್ತಿಗೆ ಮಾಡುವುದು ಕಷ್ಟ. ಫಲಿತಾಂಶ ಬರುವ ಹೊತ್ತಿಗೆ ನಾವು ಮನೆ ಸೇರಿರುತ್ತಿದ್ದೆವು. ಟೆಸ್ಟರ್ ಬರೆದದ್ದೇ ಲೆಕ್ಕ. ಯಾರಿಗೆ ಎಷ್ಟು ಬಂತು ಎಂಬ ಗುಸುಗುಸು ಊರಿನಲ್ಲಿ ಇದ್ದೇ ಇರುತ್ತಿತ್ತು.

ಆಮೇಲೆ ಬೆಳಕಿನ ಸಹಾಯದಿಂದ ಜಿಡ್ಡು ಅಳೆಯುವ ಎಲೆಕ್ಟ್ರಾನಿಕ್ ಟೆಸ್ಟರುಗಳು ಬಂದವು. ಜೈಪುರದಲ್ಲಿ 1981ರಲ್ಲಿ ಆರಂಭವಾದ ಸರ್ಕಾರಿ ವಲಯದ ರಾಜಸ್ಥಾನ್ ಎಲೆಕ್ಟ್ರಾನಿಕ್ಸ್ ಅಂಡ್ ಇನ್‌ಸ್ಟ್ರುಮೆಂಟ್ಸ್ ಕಂಪನಿ ಇಂಥ ಟೆಸ್ಟರುಗಳಿಂದಲೇ ಹೆಸರಾಯಿತು. 1990ರ ದಶಕದಲ್ಲಿ ಗುಜರಾತಿನ ಆಣಂದ್ ಸೀಮೆಯ ಸಂಘಗಳಿಗೆ 'ಆಕಾಶಗಂಗಾ' ಎಂಬ ವ್ಯವಸ್ಥೆ ಬಂತು. ತೂಕ, ಫ್ಯಾಟ್, ದರ, ಮೊತ್ತ ಎಲ್ಲವನ್ನೂ ಕಂಪ್ಯೂಟರಿಗೆ ಜೋಡಿಸಿ, ಹಾಲು ಹಾಕಿದ ಕೂಡಲೇ ಚೀಟಿ ಕೊಡುವ ಕ್ರಮ ಅದರಿಂದ ಜನಪ್ರಿಯವಾಯಿತು. ಈಗ ನಾವು ಎಎಂಸಿಯು ಎಂದು ಕರೆಯುವ ಸ್ವಯಂಚಾಲಿತ ಹಾಲು ಸಂಗ್ರಹಣಾ ಘಟಕವೂ ಅದೇ ಜಾಡಿನದು.

ಇಂದು ಈ ಮಾರುಕಟ್ಟೆಯಲ್ಲಿ ಹಲವರಿದ್ದಾರೆ. ಶಬ್ದದ ಅಲೆ ಹಾಯಿಸಿ ಫ್ಯಾಟ್ ಮತ್ತು ಎಸ್‌ಎನ್‌ಎಫ್ ಎರಡನ್ನೂ ನಿಮಿಷದೊಳಗೆ ತೋರಿಸುವ ಅಲ್ಟ್ರಾಸಾನಿಕ್ ಯಂತ್ರಗಳಲ್ಲಿ ಬಲ್ಗೇರಿಯಾ ದೇಶದ ತಯಾರಿಕೆಗಳು ಪ್ರಸಿದ್ಧ. ಡೆನ್ಮಾರ್ಕಿನ ಫಾಸ್ ಕಂಪನಿಯ ಇನ್‌ಫ್ರಾರೆಡ್ ಯಂತ್ರಗಳನ್ನು ದೊಡ್ಡ ಡೇರಿಗಳ ಪ್ರಯೋಗಾಲಯಗಳಲ್ಲಿ ಕಾಣಬಹುದು. ಗುಜರಾತಿನ ಪ್ರಾಂಪ್ಟ್, ನಮ್ಮ ಬೆಂಗಳೂರಿನಲ್ಲೇ 2011ರಲ್ಲಿ ಹುಟ್ಟಿದ ಸ್ಟೆಲ್ಯಾಪ್ಸ್ ಮುಂತಾದ ಕಂಪನಿಗಳು ಯಂತ್ರದ ಜೊತೆಗೆ ಸಾಫ್ಟ್‌ವೇರನ್ನೂ ಕೊಡುತ್ತವೆ. ರಾಷ್ಟ್ರೀಯ ಹೈನು ಅಭಿವೃದ್ಧಿ ಮಂಡಳಿಯೇ ಎಎಂಸಿಎಸ್ ಎಂಬ ಸಾಫ್ಟ್‌ವೇರ್ ರೂಪಿಸಿದೆ. ಅಂದರೆ ಬಾಗಿಲಿಗೆ ಮೊದಲು ಬಂದವರೊಬ್ಬರೇ ಗತಿ ಎಂಬ ಸ್ಥಿತಿ ಈಗಿಲ್ಲ. ನಾಲ್ಕು ಕಡೆ ವಿಚಾರಿಸಿ ಕೊಳ್ಳುವ ಅವಕಾಶ ನಮಗಿದೆ.

ವ್ಯಾಪಾರದ ರೀತಿ ಬದಲಾಗಿದೆ

ಮೊದಲು ಕಂಪನಿಯವರು ಯಂತ್ರ ಮಾರಿ ಹೋಗುತ್ತಿದ್ದರು. ಕೆಟ್ಟರೆ ರಿಪೇರಿಗೆ ಬರುತ್ತಿದ್ದರು. ಈಗ ಅನೇಕರು ಸೇವೆಯನ್ನು ಮಾರುತ್ತಾರೆ. ತಿಂಗಳ ಬಾಡಿಗೆ, ವರ್ಷದ ಚಂದಾ, ಇಲ್ಲವೇ ಲೀಟರಿಗೆ ಇಷ್ಟು ಪೈಸೆ. ನಮ್ಮ ಲೆಕ್ಕ ಸಂಘದ ಕಂಪ್ಯೂಟರಿನಲ್ಲಷ್ಟೇ ಅಲ್ಲ, ಅಂತರ್ಜಾಲದ ಮೂಲಕ ಕಂಪನಿಯ ಕಂಪ್ಯೂಟರಿಗೂ ಹೋಗುತ್ತದೆ. ಅದರ ಮೇಲೆ ಮುಂದೆ ಸಾಲ, ವಿಮೆ, ಪಶು ಆಹಾರದ ವ್ಯಾಪಾರವೂ ಕಟ್ಟಿಕೊಳ್ಳುತ್ತದೆ. ಬಿಎಂಸಿಯ ತಾಪಮಾನವನ್ನು ಒಕ್ಕೂಟದ ಕಚೇರಿಯಲ್ಲೇ ಕೂತು ನೋಡುವುದು, ಟ್ಯಾಂಕರ್ ಎಲ್ಲಿದೆ ಎಂದು ತಿಳಿಯುವುದು ಇವೆಲ್ಲ ಇದೇ ಸಾಲಿನವು.

ಇದರಲ್ಲಿ ಒಳ್ಳೆಯದು ಬಹಳ ಇದೆ. ಕ್ಷೀರಧಾರೆಯ ಪ್ರೋತ್ಸಾಹಧನವನ್ನೇ ನೋಡಿ. 2008ರಲ್ಲಿ ಲೀಟರಿಗೆ 2 ರೂಪಾಯಿಯಿಂದ ಆರಂಭವಾಗಿ, 2013ರಲ್ಲಿ 4 ರೂಪಾಯಿ, 2016ರಲ್ಲಿ 5 ರೂಪಾಯಿ ಆಯಿತು. ಆ ಹಣ ಸರಿಯಾದ ಸದಸ್ಯೆಯ ಬ್ಯಾಂಕ್ ಖಾತೆಗೆ ಬರಬೇಕಾದರೆ ಯಾರು ಯಾವ ದಿನ ಎಷ್ಟು ಹಾಲು ಹಾಕಿದರು ಎಂಬ ಲೆಕ್ಕ ಶುದ್ಧವಾಗಿರಬೇಕು. 2024ರಲ್ಲಿ ನಮ್ಮ ರಾಜ್ಯದ ಸಹಕಾರಿ ಹಾಲು ಶೇಖರಣೆ ಒಂದು ದಿನಕ್ಕೆ 1 ಕೋಟಿ ಲೀಟರ್ ಮುಟ್ಟಿತು. ಅಷ್ಟು ಹಾಲಿನ ಲೆಕ್ಕವನ್ನು ರಿಜಿಸ್ಟರಿನಲ್ಲಿ ಕೈಬರಹದಲ್ಲಿ ಇಡಲು ಸಾಧ್ಯವಿಲ್ಲ.

ಆದರೆ ಲೀಟರಿಗೆ ಪೈಸೆ ಲೆಕ್ಕದ ಒಪ್ಪಂದ ಬಂದಾಗ ಸ್ಲೇಟು ಹಿಡಿದು ಒಮ್ಮೆ ಲೆಕ್ಕ ಹಾಕಿ. ದಿನಕ್ಕೆ 600 ಲೀಟರ್ ಬರುವ ಸಂಘ, ಲೀಟರಿಗೆ 5 ಪೈಸೆ ಎಂದಿಟ್ಟುಕೊಳ್ಳಿ. ದಿನಕ್ಕೆ 30 ರೂಪಾಯಿ. ವರ್ಷಕ್ಕೆ 10,950 ರೂಪಾಯಿ. ಐದು ವರ್ಷಕ್ಕೆ 54,750 ರೂಪಾಯಿ. ಇಷ್ಟು ಕೊಟ್ಟ ಮೇಲೂ ಯಂತ್ರ ಸಂಘದ್ದಾಗುತ್ತದೆಯೋ, ಕಂಪನಿಯದ್ದಾಗಿಯೇ ಉಳಿಯುತ್ತದೆಯೋ? ಹಾಲು ಹೆಚ್ಚಾದರೆ ಬಾಡಿಗೆಯೂ ಹೆಚ್ಚುತ್ತದೆಯೇ? ರಿಪೇರಿ, ಬಿಡಿಭಾಗ ಅದರಲ್ಲೇ ಸೇರಿದೆಯೇ? ಸೇರಿದ್ದರೆ ಬಾಡಿಗೆಯೇ ಲಾಭ ಆಗಬಹುದು. ಸೇರದಿದ್ದರೆ ಯಂತ್ರ ಕೊಳ್ಳುವುದೇ ಮೇಲು. ಉತ್ತರ ಸಂಘದಿಂದ ಸಂಘಕ್ಕೆ ಬೇರೆ. ಲೆಕ್ಕ ಹಾಕದೆ ಸಹಿ ಹಾಕುವುದು ಮಾತ್ರ ಎಲ್ಲ ಕಡೆಯೂ ತಪ್ಪು.

ಒಂದು ಪಾಯಿಂಟು, ಐವತ್ತು ಗ್ರಾಂ

ಯಂತ್ರದ ವಿಷಯದಲ್ಲಿ ನಾವು ಇಷ್ಟು ತಲೆ ಕೆಡಿಸಿಕೊಳ್ಳಬೇಕೇ ಎಂದು ನೀವು ಕೇಳಬಹುದು. ಈ ಲೆಕ್ಕ ನೋಡಿ.

ನಿಮ್ಮ ಒಕ್ಕೂಟದ ದರಪಟ್ಟಿಯಲ್ಲಿ ಫ್ಯಾಟ್ ಒಂದು ಪಾಯಿಂಟ್, ಅಂದರೆ 0.1 ಕಡಿಮೆಯಾದರೆ ಲೀಟರಿಗೆ 30 ಪೈಸೆ ಕಡಿಮೆ ಎಂದುಕೊಳ್ಳೋಣ. ನಿಮ್ಮ ಒಕ್ಕೂಟದ ನಿಜವಾದ ಅಂಕಿ ದರಪಟ್ಟಿಯಲ್ಲೇ ಇದೆ, ಅದನ್ನೇ ಹಾಕಿ ನೋಡಿ. ದಿನಕ್ಕೆ 10 ಲೀಟರ್ ಹಾಕುವ ಸದಸ್ಯೆಗೆ ದಿನಕ್ಕೆ 3 ರೂಪಾಯಿ, ವರ್ಷಕ್ಕೆ 1,095 ರೂಪಾಯಿ ಹೋಯಿತು. 600 ಲೀಟರಿನ ಸಂಘದಲ್ಲಿ ಎಲ್ಲರದೂ ಸೇರಿ ವರ್ಷಕ್ಕೆ 65,700 ರೂಪಾಯಿ. ಯಾರೂ ಕದ್ದಿಲ್ಲ, ಯಾರೂ ಮೋಸ ಮಾಡಿಲ್ಲ. ಯಂತ್ರವನ್ನು ತೊಳೆದಿಲ್ಲ ಅಥವಾ ಸರಿಹೊಂದಿಸಿಲ್ಲ, ಅಷ್ಟೇ.

ತೂಕದ್ದೂ ಹಾಗೆಯೇ. ತಕ್ಕಡಿ ಪ್ರತಿ ಸಲ 50 ಗ್ರಾಂ ಕಡಿಮೆ ತೋರಿಸಿದರೆ ನಮಗೆ ಗೊತ್ತೂ ಆಗುವುದಿಲ್ಲ. ಬೆಳಿಗ್ಗೆ, ಸಂಜೆ ಸೇರಿ ದಿನಕ್ಕೆ 100 ಗ್ರಾಂ. ವರ್ಷಕ್ಕೆ ಮೂವತ್ತಾರೂವರೆ ಕೆಜಿ ಹಾಲು. ಹನಿ ಹನಿ ಕೂಡಿದರೆ ಹಳ್ಳ ಎನ್ನುವ ಮಾತು ಗಳಿಕೆಗೂ ಹೌದು, ನಷ್ಟಕ್ಕೂ ಹೌದು.

ಇನ್ನೊಂದು ಸೂಕ್ಷ್ಮ ಇದೆ. ತಕ್ಕಡಿ ತೋರಿಸುವುದು ಕೆಜಿ, ನಮಗೆ ದರ ಕೊಡುವುದು ಲೀಟರಿಗೆ. ಹಾಲು ನೀರಿಗಿಂತ ಸ್ವಲ್ಪ ಭಾರ, ಒಂದು ಲೀಟರ್ ಹಾಲು ಸುಮಾರು ಒಂದು ಕೆಜಿ ಮೂವತ್ತು ಗ್ರಾಂ ತೂಗುತ್ತದೆ. ಆದ್ದರಿಂದ 10 ಕೆಜಿ ಹಾಲು ಚೀಟಿಯಲ್ಲಿ ಸುಮಾರು 9.7 ಲೀಟರ್ ಎಂದು ಬಂದರೆ ಅದು ಮೋಸವಲ್ಲ. ಆದರೆ ಯಂತ್ರ ಯಾವ ಅಂಕಿಯಿಂದ ಭಾಗಿಸುತ್ತದೆ, ಕೊನೆಯ ಅಂಕಿಗಳನ್ನು ಏನು ಮಾಡುತ್ತದೆ ಎಂದು ಕೇಳುವ ಹಕ್ಕು ನಮಗಿದೆ. 5.37 ಲೀಟರ್ ಬಂದಾಗ 5.37 ಎಂದೇ ಹಿಡಿಯುತ್ತದೆಯೋ, 5.4 ಮಾಡುತ್ತದೆಯೋ, ಅಥವಾ 5.3ಕ್ಕೆ ಕತ್ತರಿಸುತ್ತದೆಯೋ? ಇದು ಸಾಫ್ಟ್‌ವೇರಿನಲ್ಲಿ ಯಾರೋ ಒಬ್ಬರು ಒಮ್ಮೆ ಇಟ್ಟ ಸೆಟ್ಟಿಂಗ್. ದಿನಕ್ಕೆ ಎರಡು ಸಲ, ವರ್ಷಪೂರ್ತಿ, ಪ್ರತಿ ಸದಸ್ಯೆಯ ಹಾಲಿನಲ್ಲೂ ಅದು ಕೆಲಸ ಮಾಡುತ್ತದೆ.

ಯಂತ್ರಕ್ಕೂ ಆರೈಕೆ ಬೇಕು

"ಯಂತ್ರ ಹೇಳಿದ ಮೇಲೆ ಮುಗಿಯಿತಲ್ಲಮ್ಮ" ಎಂಬ ಮಾತು ನೀವೂ ಕೇಳಿರುತ್ತೀರಿ. ಮುಗಿಯುವುದಿಲ್ಲ. ಅಲ್ಟ್ರಾಸಾನಿಕ್ ಯಂತ್ರದೊಳಗೆ ಹಾಲಿನ ಪದರ ಕಟ್ಟಿದರೆ ಫಲಿತಾಂಶ ವಾಲುತ್ತದೆ. ಆಗಷ್ಟೇ ಕರೆದ ನೊರೆಹಾಲನ್ನು ಹಾಗೆಯೇ ಇಟ್ಟರೆ ಗಾಳಿಯ ಗುಳ್ಳೆಗಳಿಂದ ತಪ್ಪು ಬರುತ್ತದೆ. ಹುಳಿಯಾಗಲು ಶುರುವಾದ ಹಾಲನ್ನು ಅದು ಸರಿಯಾಗಿ ಓದುವುದಿಲ್ಲ. ಕರೆಂಟು ಏರಿಳಿತ ಆದರೂ ತೊಂದರೆ. ಆದ್ದರಿಂದ ದಿನದ ತೊಳೆತ, ನಿಗದಿತ ದ್ರಾವಣದ ಶುದ್ಧೀಕರಣ, ಯುಪಿಎಸ್ ಅಥವಾ ಬ್ಯಾಟರಿ, ನಿಯಮಿತ ಹೊಂದಾಣಿಕೆ ಇವೆಲ್ಲ ಯಂತ್ರದ ಬೆಲೆಯೊಳಗೇ ಸೇರಿದ ಖರ್ಚು ಎಂದು ತಿಳಿಯಬೇಕು. ಮಾರುವವರು ಮೊದಲ ದಿನ ಹೇಳುವ ಬೆಲೆಯಲ್ಲಿ ಇವು ಕಾಣುವುದಿಲ್ಲ.

ಇದಕ್ಕೆ ಹಳೆಯ ಗರ್ಬರ್ ಸೆಟ್ಟೇ ಒಳ್ಳೆಯ ಸಾಕ್ಷಿ. ವಾರಕ್ಕೊಮ್ಮೆ ಐದು ಸದಸ್ಯೆಯರ ಹಾಲಿನ ಮಾದರಿಯನ್ನು ಯಂತ್ರದಲ್ಲೂ ಗರ್ಬರಿನಲ್ಲೂ ಪರೀಕ್ಷಿಸಿ, ಎರಡನ್ನೂ ಪಕ್ಕಪಕ್ಕದಲ್ಲಿ ಬರೆದು ಸೂಚನಾಫಲಕಕ್ಕೆ ಅಂಟಿಸಬೇಕು. ಒಂದೆರಡು ಸಲ ಹೆಚ್ಚುಕಮ್ಮಿ ಬರುವುದು ಸಹಜ. ಐದಕ್ಕೆ ಐದೂ ಒಂದೇ ಕಡೆಗೆ ವಾಲಿದರೆ ಯಂತ್ರವನ್ನು ಸರಿಹೊಂದಿಸುವ ಕಾಲ ಬಂದಿದೆ ಎಂದು ಅರ್ಥ. ಸಂಘದಲ್ಲಿ ಗರ್ಬರ್ ಮಾಡಲು ಅನುಕೂಲವಿಲ್ಲದಿದ್ದರೆ ಮಾದರಿಗಳನ್ನು ಒಕ್ಕೂಟದ ಪ್ರಯೋಗಾಲಯಕ್ಕೆ ಕಳಿಸಲು ವಿಸ್ತರಣಾಧಿಕಾರಿಯವರನ್ನು ಕೇಳಿ. ತಕ್ಕಡಿಗಂತೂ ಕಾನೂನೇ ಇದೆ. 2009ರ ಕಾನೂನು ಮಾಪನಶಾಸ್ತ್ರ ಕಾಯ್ದೆಯ ಪ್ರಕಾರ ವ್ಯಾಪಾರಕ್ಕೆ ಬಳಸುವ ಎಲೆಕ್ಟ್ರಾನಿಕ್ ತಕ್ಕಡಿಯನ್ನು ವರ್ಷಕ್ಕೊಮ್ಮೆ ಪರಿಶೀಲಿಸಿ ಮುದ್ರೆ ಹಾಕಿಸಬೇಕು. ಆ ಪ್ರಮಾಣಪತ್ರ ಗೋಡೆಯ ಮೇಲೆ ಕಾಣುವಂತೆ ಇದೆಯೇ, ಅದರ ತಾರೀಖು ಯಾವುದು ಎಂದು ಇವತ್ತು ಸಂಜೆ ಹಾಲು ಹಾಕಲು ಹೋದಾಗಲೇ ನೋಡಬಹುದು.

ನಮ್ಮ ಕಡೆಯಿಂದಲೂ ಒಂದು ಕೆಲಸ ಇದೆ. ಕೆಚ್ಚಲಿನಿಂದ ಮೊದಲು ಬರುವ ಹಾಲಿನಲ್ಲಿ ಜಿಡ್ಡು ಕಡಿಮೆ, ಕೊನೆಯಲ್ಲಿ ಬರುವುದರಲ್ಲಿ ಹೆಚ್ಚು. ಪೂರ್ತಿ ಕರೆಯದೆ ಕೊನೆಯ ಹಾಲನ್ನೆಲ್ಲ ಕರುವಿಗೆ ಬಿಟ್ಟರೆ ಫ್ಯಾಟ್ ಇಳಿಯುತ್ತದೆ. ಮಾದರಿ ತೆಗೆಯುವ ಮೊದಲು ಕ್ಯಾನಿನ ಹಾಲನ್ನು ಚೆನ್ನಾಗಿ ಕಲಕದಿದ್ದರೂ ಅಂಕಿ ಸರಿ ಬರುವುದಿಲ್ಲ. ರಾತ್ರಿಯ ಬಿಡುವು ಹಗಲಿಗಿಂತ ಉದ್ದವಾದ್ದರಿಂದ ಬೆಳಗಿನ ಹಾಲು ಹೆಚ್ಚು ಬಂದು ಫ್ಯಾಟ್ ಸ್ವಲ್ಪ ಕಡಿಮೆ ಬರುವುದೂ ಸಹಜ. ಇವನ್ನು ತಿಳಿದು ಕೇಳಿದರೆ ನಮ್ಮ ಪ್ರಶ್ನೆಗೆ ತೂಕ ಬರುತ್ತದೆ, ಟೆಸ್ಟರ್ ಕೆಲಸ ಮಾಡುವ ಹೆಣ್ಣುಮಗಳ ಮೇಲೆ ಸುಮ್ಮನೆ ಅನುಮಾನ ಪಡುವುದೂ ತಪ್ಪುತ್ತದೆ. ಅನುಮಾನ ಬಂದಾಗ ಜಗಳ ಬೇಡ. "ಇದೇ ಮಾದರಿಯನ್ನು ಇನ್ನೊಮ್ಮೆ ಇಡಮ್ಮ" ಎಂದರೆ ಸಾಕು. ಎರಡು ಸಲವೂ ಹತ್ತಿರ ಹತ್ತಿರ ಬಂದರೆ ಹಸುವಿನ ಮೇವಿನ ಕಡೆ ನೋಡೋಣ. ದೂರ ದೂರ ಬಂದರೆ ಯಂತ್ರದ ಕಡೆ ನೋಡೋಣ.

ಕೈಯಲ್ಲಿ ಒತ್ತಿದ ಅಂಕಿ

ಸ್ವಯಂಚಾಲಿತ ಘಟಕದ ಮುಖ್ಯ ಗುಣವೆಂದರೆ ತೂಕವೂ ಫ್ಯಾಟೂ ಯಂತ್ರದಿಂದ ಯಂತ್ರಕ್ಕೆ ತಂತಿಯಲ್ಲೇ ಹೋಗುವುದು. ಮಧ್ಯೆ ಮನುಷ್ಯರ ಕೈ ಇಲ್ಲ. ಆದರೆ ಯಂತ್ರ ಕೆಟ್ಟ ದಿನಕ್ಕೆಂದು ಅಂಕಿಯನ್ನು ಕೈಯಲ್ಲಿ ಒತ್ತುವ ಅವಕಾಶವನ್ನೂ ಇಟ್ಟಿರುತ್ತಾರೆ. ಅದು ಬೇಕೇ ಬೇಕು. ಆದರೆ ಆ ದಾರಿ ಸದಾ ತೆರೆದಿದ್ದರೆ ಯಂತ್ರ ಇದ್ದೂ ಇಲ್ಲದಂತೆ. ನಾನು ಒತ್ತಾಯಿಸುವುದು ಎರಡು ಸಂಗತಿ. ಕೈಯಲ್ಲಿ ಒತ್ತಿದ ಅಂಕಿಗೆ ಚೀಟಿಯಲ್ಲೇ ಒಂದು ಗುರುತು ಬರಬೇಕು. ತಿಂಗಳಿಗೆ ಎಷ್ಟು ಸಲ ಹೀಗೆ ಒತ್ತಲಾಗಿದೆ ಎಂಬ ಪಟ್ಟಿಯನ್ನು ಆಡಳಿತ ಮಂಡಳಿಯ ಸಭೆಯಲ್ಲಿ ಇಡಬೇಕು. ಕೊಳ್ಳುವಾಗಲೇ ಕೇಳಿದರೆ ಕಂಪನಿಯವರು ಇದನ್ನು ಮಾಡಿಕೊಡಬಲ್ಲರು. ಕೊಂಡ ಮೇಲೆ ಕೇಳಿದರೆ ಅದಕ್ಕೆ ಬೇರೆ ದುಡ್ಡು ಎನ್ನುತ್ತಾರೆ.

ನಮ್ಮ ಸಂಘದಲ್ಲಿ ಒಂದು ಮಳೆಗಾಲ ಯಂತ್ರ ಕೆಟ್ಟು, ಕಂಪನಿಯ ಮೆಕ್ಯಾನಿಕ್ ಬರಲು ಎರಡು ವಾರ ಹಿಡಿಯಿತು. ಅಷ್ಟು ದಿನದ ಬಟವಾಡೆಯನ್ನು ಸರಾಸರಿ ಫ್ಯಾಟಿನ ಮೇಲೆ ಮಾಡಬೇಕಾಯಿತು. ಹಸುವಿಗೆ ಒಳ್ಳೆಯ ಮೇವು, ಹಿಂಡಿ ಹಾಕಿ 4.2 ತರುತ್ತಿದ್ದವಳಿಗೂ 3.4 ತರುತ್ತಿದ್ದವಳಿಗೂ ಒಂದೇ ದರ. ಚೆನ್ನಾಗಿ ಸಾಕಿದವಳಿಗೇ ನಷ್ಟ. ಯಂತ್ರ ಅಗ್ಗವಾಗಿ ಸಿಕ್ಕಿತ್ತು, ಆದರೆ ಒಪ್ಪಂದದಲ್ಲಿ ಎಷ್ಟು ಗಂಟೆಯೊಳಗೆ ಬಂದು ರಿಪೇರಿ ಮಾಡಬೇಕು ಎಂಬ ಮಾತೇ ಇರಲಿಲ್ಲ.

ಆದ್ದರಿಂದಲೇ ಕಡಿಮೆ ಬೆಲೆಯೊಂದನ್ನೇ ನೋಡಿ ಕೊಳ್ಳಬೇಡಿ ಎನ್ನುತ್ತೇನೆ. ಒಕ್ಕೂಟಗಳು ದೊಡ್ಡ ಖರೀದಿಗಳನ್ನು ಟೆಂಡರ್ ಮೂಲಕ ಮಾಡುತ್ತವೆ. ಕೇಂದ್ರ ಸರ್ಕಾರ 2016ರಲ್ಲಿ ಆರಂಭಿಸಿದ ಜೆಮ್ ಎಂಬ ಆನ್‌ಲೈನ್ ಮಾರುಕಟ್ಟೆಯಲ್ಲಿ ಸಹಕಾರ ಸಂಸ್ಥೆಗಳೂ ಖರೀದಿ ಮಾಡಲು 2022ರಲ್ಲಿ ಅನುಮತಿ ಸಿಕ್ಕಿದೆ. ಇವುಗಳಿಂದ ಬೆಲೆ ಬಹಿರಂಗವಾಗುತ್ತದೆ, ಅದು ಒಳ್ಳೆಯದು. ಆದರೆ ಟೆಂಡರಿನಲ್ಲಿ ಏನು ಬರೆದಿರುತ್ತದೋ ಅದಷ್ಟೇ ಸಿಗುತ್ತದೆ. 48 ಗಂಟೆಯೊಳಗೆ ರಿಪೇರಿ, ಅಲ್ಲಿಯವರೆಗೆ ಬದಲಿ ಯಂತ್ರ, ಕನ್ನಡದಲ್ಲಿ ಚೀಟಿ, ಟೆಸ್ಟರುಗಳಿಗೆ ಕನ್ನಡದಲ್ಲಿ ತರಬೇತಿ, ಐದು ವರ್ಷ ಬಿಡಿಭಾಗ ಸಿಗುವ ಖಾತರಿ ಇವನ್ನು ಮೊದಲೇ ಬರೆಸಬೇಕು. ಹಾಲು ಹಾಕುವ ನಾವು ಇವನ್ನು ಕೇಳಿದ್ದೇವೆ ಎಂದು ಒಕ್ಕೂಟಕ್ಕೆ ತಿಳಿಸದಿದ್ದರೆ ಟೆಂಡರ್ ಬರೆಯುವವರಿಗೆ ಗೊತ್ತಾಗುವುದಾದರೂ ಹೇಗೆ?

ಎಸ್ಸೆಮ್ಮೆಸ್ ಯಾರ ಫೋನಿಗೆ ಬರುತ್ತದೆ?

ಇದು ನಮಗೇ, ಹೆಣ್ಣುಮಕ್ಕಳಿಗೇ, ಸಂಬಂಧಿಸಿದ ವಿಷಯ. ಚೀಟಿಯ ಬದಲು ಎಸ್ಸೆಮ್ಮೆಸ್ ಅಥವಾ ಆ್ಯಪ್ ಸಾಕು, ಕಾಗದದ ಖರ್ಚು ಉಳಿಯುತ್ತದೆ ಎಂದು ಈಗ ಹೇಳುತ್ತಾರೆ. ಸರಿ, ಆದರೆ ಸಂಘದಲ್ಲಿ ಬರೆಸಿದ ಫೋನ್ ನಂಬರ್ ಯಾರದು? ಎಷ್ಟೋ ಮನೆಗಳಲ್ಲಿ ಅದು ಯಜಮಾನರದು ಅಥವಾ ಮಗನದು. ಸಗಣಿ ಬಾಚುವುದು, ಹುಲ್ಲು ಕೊಯ್ಯುವುದು, ಹಾಲು ಕರೆಯುವುದು, ಸಾಲಿನಲ್ಲಿ ನಿಲ್ಲುವುದು ನಾವು. ಎಷ್ಟು ಹಾಲು, ಎಷ್ಟು ಫ್ಯಾಟ್, ಎಷ್ಟು ದುಡ್ಡು ಎಂಬ ಸುದ್ದಿ ಹೋಗುವುದು ಇನ್ನೊಬ್ಬರ ಜೇಬಿಗೆ. ಕೆಲಸಕ್ಕೆ ನಾವು ಬೇಕು, ಲೆಕ್ಕಕ್ಕೆ ನಾವಿಲ್ಲ.

ಇದು ಬರೀ ಮನಸ್ಸಿನ ನೋವಿನ ಮಾತಲ್ಲ. ಮುಂದೆ ಹಾಲಿನ ದಾಖಲೆ ನೋಡಿಯೇ ಸಾಲ, ಹಸುವಿನ ವಿಮೆ ಕೊಡುವ ಏರ್ಪಾಡುಗಳು ಹೆಚ್ಚುತ್ತಿವೆ. ಹತ್ತು ವರ್ಷ ತಪ್ಪದೆ ಹಾಲು ಹಾಕಿದ ದಾಖಲೆ ಯಾರ ಹೆಸರಿನಲ್ಲಿದೆಯೋ ಬ್ಯಾಂಕಿನವರ ಕಣ್ಣಿಗೆ ಹೈನುಗಾರರು ಅವರೇ. ಮಹಿಳಾ ಸಂಘಗಳಲ್ಲಿ ಸದಸ್ಯತ್ವ ನಮ್ಮ ಹೆಸರಿನಲ್ಲಿಯೇ ಇರುತ್ತದೆ. ಆದರೂ ಫೋನ್ ನಂಬರ್, ಬ್ಯಾಂಕ್ ಖಾತೆ ಎರಡೂ ನಮ್ಮದೇ ಎಂದು ಒಮ್ಮೆ ಖಾತರಿ ಮಾಡಿಕೊಳ್ಳಿ. ಬೇರೆ ಸಂಘಗಳಲ್ಲಿ ಯಜಮಾನರ ಹೆಸರಿನಲ್ಲಿ ಹಾಲು ಹಾಕುತ್ತಿರುವವರು ನಿಮ್ಮ ಹೆಸರಿನಲ್ಲಿ ಸದಸ್ಯತ್ವ ಪಡೆಯುವ ಬಗ್ಗೆ ಕಾರ್ಯದರ್ಶಿಯವರನ್ನು ಕೇಳಿ. ಸ್ವಂತ ಫೋನ್ ಇಲ್ಲದವರು, ಓದಲು ತೊಡಕಾಗುವ ಹಿರಿಯರು ಎಲ್ಲ ಸಂಘಗಳಲ್ಲೂ ಇದ್ದಾರೆ. ಅವರಿಗಾಗಿ ಕಾಗದದ ಚೀಟಿ ಉಳಿಯಲೇಬೇಕು. ಆ್ಯಪ್ ಬರಲಿ, ಚೀಟಿ ಹೋಗದಿರಲಿ.

ಚೀಟಿ ಕೈಗೆ ಬಂದ ಮೇಲೆ ಸೆರಗಿನ ಗಂಟಿಗೆ ಸೇರಿಸಿ ಮರೆಯಬೇಡಿ. ತಾರೀಖು, ಬೆಳಿಗ್ಗೆಯೋ ಸಂಜೆಯೋ, ನಿಮ್ಮ ಸದಸ್ಯತ್ವದ ನಂಬರ್, ಹಾಲಿನ ಪ್ರಮಾಣ, ಫ್ಯಾಟ್, ಎಸ್‌ಎನ್‌ಎಫ್, ದರ, ಮೊತ್ತ ಇಷ್ಟೂ ಅದರಲ್ಲಿರಬೇಕು. ಬಟವಾಡೆಯ ದಿನ ಚೀಟಿಗಳ ಮೊತ್ತ ಕೂಡಿ, ಖಾತೆಗೆ ಬಂದ ಹಣಕ್ಕೆ ಹೋಲಿಸಿ. ಪಶು ಆಹಾರ ಮುಂತಾದ ಕಡಿತಗಳಿದ್ದರೆ ಅವನ್ನೂ ಬರೆದುಕೊಳ್ಳಿ. ಮನೆಯಲ್ಲಿ ಶಾಲೆಗೆ ಹೋಗುವ ಮಗಳಿದ್ದರೆ ಅವಳಿಗೆ ಇದು ಒಳ್ಳೆಯ ಗಣಿತ.

ಲೆಕ್ಕದ ಪುಸ್ತಕ ಯಾರ ಬೀರುವಿನಲ್ಲಿದೆ?

ಮೊದಲು ರಿಜಿಸ್ಟರು ಸಂಘದ ಬೀರುವಿನಲ್ಲಿ ಇರುತ್ತಿತ್ತು, ಕೀಲಿ ಕಾರ್ಯದರ್ಶಿಯ ಬಳಿ. ಈಗ ಪುಸ್ತಕವೇ ಕಂಪನಿಯ ಕಂಪ್ಯೂಟರಿನಲ್ಲಿದ್ದರೆ ಕೀಲಿ ಯಾರ ಬಳಿ? ನಾಳೆ ಆ ಕಂಪನಿ ಮುಚ್ಚಿದರೆ, ಅಥವಾ ನಾವೇ ಬೇರೆ ಕಂಪನಿಗೆ ಬದಲಾಯಿಸಿದರೆ, ಹಿಂದಿನ ವರ್ಷಗಳ ಲೆಕ್ಕ ನಮಗೆ ಪೂರ್ತಿ ಸಿಗುತ್ತದೆಯೇ? ದರಪಟ್ಟಿ ಬದಲಾದಾಗ ಅದನ್ನು ಯಂತ್ರಕ್ಕೆ ಹಾಕುವ ಪಾಸ್‌ವರ್ಡ್ ಯಾರ ಕೈಯಲ್ಲಿದೆ? ನಮ್ಮ ಫೋನ್ ನಂಬರ್, ಆಧಾರ್, ಹಾಲಿನ ಲೆಕ್ಕವನ್ನು ಸಾಲ ಕೊಡುವವರಿಗೋ ಆಹಾರ ಮಾರುವವರಿಗೋ ಕೊಡುವ ಮೊದಲು ನಮ್ಮನ್ನು ಕೇಳುತ್ತಾರೆಯೇ?

2023ರಲ್ಲಿ ಸಂಸತ್ತು ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯನ್ನು ಅಂಗೀಕರಿಸಿದೆ. ನಮ್ಮ ಮಾಹಿತಿ ಬಳಸಲು ನಮ್ಮ ಒಪ್ಪಿಗೆ ಬೇಕು, ಕೊಟ್ಟ ಒಪ್ಪಿಗೆಯನ್ನು ಹಿಂತೆಗೆದುಕೊಳ್ಳಬಹುದು ಎಂಬುದು ಅದರ ಮುಖ್ಯ ತಿರುಳು. ಕಾಯ್ದೆ ಇದ್ದ ಮಾತ್ರಕ್ಕೆ ಸಾಲದು, ಸಂಘದ ಒಪ್ಪಂದದಲ್ಲಿ ಒಂದು ಸಾಲು ಬರೆಸಬೇಕು: ಸದಸ್ಯೆಯರ ಲೆಕ್ಕ ಸಂಘದ ಸ್ವತ್ತು, ಒಪ್ಪಂದ ಮುಗಿದಾಗ ಅದನ್ನು ಪೂರ್ತಿಯಾಗಿ ಸಂಘಕ್ಕೆ ಒಪ್ಪಿಸಬೇಕು, ಸದಸ್ಯೆಯ ಒಪ್ಪಿಗೆ ಇಲ್ಲದೆ ಮೂರನೆಯವರಿಗೆ ಕೊಡಬಾರದು. ಒಳ್ಳೆಯ ಕಂಪನಿ ಇದಕ್ಕೆ ಹಿಂಜರಿಯುವುದಿಲ್ಲ. ಹಿಂಜರಿದರೆ ಅದೇ ನಮಗೆ ಉತ್ತರ.

ಇಷ್ಟೆಲ್ಲ ಕೇಳಿದರೆ ಕೆಲಸ ತಡವಾಗುತ್ತದೆ, ಕಾರ್ಯದರ್ಶಿಗೆ ಕಿರಿಕಿರಿ ಆಗುತ್ತದೆ ಎನ್ನುವವರಿದ್ದಾರೆ. ಒಂದು ತಿಂಗಳು ತಡವಾಗಲಿ. ಯಂತ್ರ ಬಂದರೆ ಏಳೆಂಟು ವರ್ಷ ನಮ್ಮ ಹಾಲನ್ನು ಅದೇ ಅಳೆಯುತ್ತದೆ. ಮನೆಗೆ ಹಸು ತರುವಾಗ ನಾವು ಹಲ್ಲು ನೋಡುತ್ತೇವೆ, ಕೆಚ್ಚಲು ಮುಟ್ಟಿ ನೋಡುತ್ತೇವೆ, ಎಷ್ಟನೇ ಸೂಲು ಎಂದು ಕೇಳುತ್ತೇವೆ, ಎರಡು ಹೊತ್ತು ಹಾಲು ಕರೆದು ನೋಡಿ ಆಮೇಲೆ ಮಾತಿಗೆ ಕೂರುತ್ತೇವೆ. ಮಾರುವವನಿಗೆ ಬೇಜಾರಾಗುತ್ತದೆ ಎಂದು ಯಾರೂ ಕಣ್ಣು ಮುಚ್ಚಿ ಹಸು ಕೊಳ್ಳುವುದಿಲ್ಲ. ಯಂತ್ರವನ್ನೂ ಹಾಗೆಯೇ ಕೊಳ್ಳೋಣ. ಒಂದು ತಿಂಗಳು ಸಂಘದಲ್ಲೇ ಇಟ್ಟು, ಗರ್ಬರಿನ ಜೊತೆ ಹೋಲಿಸಿ, ಆಮೇಲೆ ಹಣ ಕೊಡುವ ಷರತ್ತು ಹಾಕೋಣ.

ವಾರ್ಷಿಕ ಮಹಾಸಭೆಯ ನೋಟಿಸು ಬಂದಾಗ ಊಟದ ಹೊತ್ತಿಗೆ ಹೋಗಿ ಸಹಿ ಮಾಡಿ ಬರುವ ಅಭ್ಯಾಸ ಬಿಡೋಣ. ಈ ಸಲ ಪ್ರತಿ ಸಂಘದಲ್ಲೂ ಕನಿಷ್ಠ ಮೂವರು ಸದಸ್ಯೆಯರು ಎದ್ದು ಈ ಐದು ಪ್ರಶ್ನೆ ಕೇಳಿ, ಉತ್ತರವನ್ನು ನಡಾವಳಿಯಲ್ಲಿ ಬರೆಸಿ:

1. ತಕ್ಕಡಿಗೆ ಕೊನೆಯ ಸಲ ಮುದ್ರೆ ಹಾಕಿಸಿದ್ದು ಯಾವಾಗ? ಫ್ಯಾಟ್ ಯಂತ್ರವನ್ನು ಗರ್ಬರಿಗೆ ಹೋಲಿಸಿದ್ದು ಯಾವಾಗ?

2. ಕಳೆದ ವರ್ಷ ಎಷ್ಟು ದಿನ ಯಂತ್ರ ಕೆಟ್ಟಿತ್ತು, ಆ ದಿನಗಳ ಬಟವಾಡೆ ಹೇಗೆ ಮಾಡಿದಿರಿ?

3. ಕೈಯಲ್ಲಿ ಒತ್ತಿದ ಅಂಕಿಗಳು ಎಷ್ಟು?

4. ಯಂತ್ರ ಮತ್ತು ಸಾಫ್ಟ್‌ವೇರಿಗೆ ಬಾಡಿಗೆ, ರಿಪೇರಿ, ಚಂದಾ ಎಲ್ಲ ಸೇರಿ ವರ್ಷಕ್ಕೆ ಎಷ್ಟು ಖರ್ಚಾಯಿತು?

5. ನಮ್ಮ ಲೆಕ್ಕ ಎಲ್ಲಿದೆ, ಕಂಪನಿ ಬದಲಾದರೆ ಅದು ನಮಗೆ ಸಿಗುತ್ತದೆಯೇ?

ಉತ್ತರ ಚೆನ್ನಾಗಿದ್ದರೆ ಕಾರ್ಯದರ್ಶಿಗೂ ಟೆಸ್ಟರಿಗೂ ಸಭೆಯಲ್ಲೇ ಧನ್ಯವಾದ ಹೇಳಿ. ಅವರ ಕೆಲಸ ಸುಲಭದ್ದಲ್ಲ. ಉತ್ತರ ಸಿಗದಿದ್ದರೆ ಮುಂದಿನ ಸಭೆಗೆ ತರಲು ಹೇಳಿ, ಆ ಸಭೆಗೂ ತಪ್ಪದೆ ಹೋಗಿ.